ಎಡಗೈ ಹೊಲಿಗೆ

ಮಾಲ್‌ಸುನ್‌ಗೆ ಅರವತ್ತೊಂದು. ದೇಗು ನಗರದ ಇಳಿಜಾರು ಬೀದಿಯೊಂದರಲ್ಲಿ ಮೂವತ್ತು ವರ್ಷದಿಂದ ಲಾಂಡ್ರಿ ನಡೆಸುತ್ತಿದ್ದಳು. ಆರು ವರ್ಷದ ಹಿಂದೆ ಎದುರಿಗೇ ದೊಕ್‌ಜೆ ಎಂಬವನೂ ಲಾಂಡ್ರಿ ತೆರೆದ. ಅಂದಿನಿಂದ ಅವಳ ಹೊಟ್ಟೆಯುರಿ ಆರಿದ್ದಿಲ್ಲ. ಅವನು ದರ ಇಳಿಸಲಿಲ್ಲ, ಚಾಡಿ ಹೇಳಲಿಲ್ಲ. ಕೆಲಸ ಚೆನ್ನಾಗಿ ಮಾಡಿದ, ಅಷ್ಟೆ. ಹಬ್ಬ-ಮದುವೆಗಳಿಗೆ ಉಡುವ ರೇಷ್ಮೆಯ ಹನ್‌ಬೊಕ್ ಉಡುಪು ಬಂದರೆ ಕೊರಳಪಟ್ಟಿಯ ಬಿಳಿ ಅಂಚನ್ನು ಬಿಚ್ಚಿ ಒಗೆದು, ಹೊಸ ಅಂಚನ್ನು ಕೈಯಲ್ಲೇ ಹೊಲಿದು ಕೊಡುತ್ತಿದ್ದ. ಮಾಲ್‌ಸುನ್ ಮಾಡುತ್ತಿದ್ದದ್ದೂ ಅದನ್ನೇ. ಅವನಷ್ಟು ನಯವಾಗಿ ಅಲ್ಲ. ಅವಳ ಹಳೆಯ ಗಿರಾಕಿಗಳು ಬಟ್ಟೆಯ ಗಂಟನ್ನು ಆಚೆ ಮಗ್ಗುಲಿಗೆ ಮರೆಮಾಡಿಕೊಂಡು ಎದುರಂಗಡಿಗೆ ದಾಟುವುದನ್ನು ಅವಳು ಇಸ್ತ್ರಿಯ ಹಬೆಯ ಹಿಂದಿನಿಂದ ನೋಡುತ್ತಿದ್ದಳು.

ಅವನಿಗಿಲ್ಲದ ಒಂದು ಗೌರವ ಮಾತ್ರ ಅವಳಿಗಿತ್ತು. ತಿಂಗಳಿಗೊಮ್ಮೆ ಬಳಕೆದಾರರ ಸಂಘದ ಬಟ್ಟೆ ಪರಿಶೀಲನಾ ಸಮಿತಿಯಲ್ಲಿ ಅವಳು ಕೂರುತ್ತಿದ್ದಳು. ಹಾಳಾದ ಬಟ್ಟೆಯ ತಪ್ಪು ತಯಾರಕನದೋ, ಲಾಂಡ್ರಿಯದೋ, ಉಟ್ಟವರದೋ ಎಂದು ಅಲ್ಲಿ ತೀರ್ಮಾನವಾಗುತ್ತದೆ. ಅಂಗಡಿಯ ಹೆಸರು ಮುಚ್ಚಿರುತ್ತದೆ. ಯಾರ ಕೆಲಸವೆಂದು ಗುರುತು ಸಿಕ್ಕಿದರೆ ಎದ್ದು ಹೊರಗೆ ಹೋಗಬೇಕೆಂಬುದು ನಿಯಮ.

ಆ ಸಲ ಮೇಜಿಗೆ ಬಂದದ್ದು ತಿಳಿಗುಲಾಬಿ ರೇಷ್ಮೆಯ ಮೇಲಂಗಿ. ಎದೆಗೆ ಕಟ್ಟುವ ನೇರಳೆ ಲಾಡಿಯ ಬಣ್ಣ ಅಂಗಿಯ ಮೇಲೆಲ್ಲ ಹರಿದಿತ್ತು. ಮಗಳ ಮದುವೆಗೆಂದು ಹೊಲಿಸಿದ್ದು, ಲಾಂಡ್ರಿಯವನೇ ಹೊಸದು ಕೊಡಿಸಬೇಕೆಂದು ಒಡತಿಯ ದೂರು. ತಣ್ಣೀರಿನಲ್ಲಿ ಒಗೆಯಬಹುದೆಂದು ಒಳಗಿನ ಚೀಟಿ ಹೇಳುತ್ತಿತ್ತು. ಮಾಲ್‌ಸುನ್ ಕೊರಳಂಚನ್ನು ತಿರುಗಿಸಿದಳು. ಹೊಲಿಗೆ ತಿರುವುಮುರುವಾಗಿ ವಾಲಿತ್ತು. ಊರಿನ ಲಾಂಡ್ರಿಯವರಲ್ಲಿ ಎಡಗೈಯಲ್ಲಿ ಹೊಲಿಯುವವನು ಅವಳಿಗೆ ತಿಳಿದಂತೆ ದೊಕ್‌ಜೆ ಒಬ್ಬನೇ.

ಅವಳು ಏಳಲಿಲ್ಲ.

ಪರೀಕ್ಷೆ ಅವಳ ಪಾಲಿನ ಕೆಲಸ. ಬಿಳಿ ಅರಿವೆಯನ್ನು ತಣ್ಣೀರಿನಲ್ಲಿ ನೆನೆಸಿ ಲಾಡಿಗೆ ಒತ್ತಬೇಕು. ಬಣ್ಣ ಬಿಟ್ಟರೆ ತಯಾರಕನ ತಪ್ಪು. ಅವಳು ಅರಿವೆಯನ್ನು ಚೆನ್ನಾಗಿ ಹಿಂಡಿ, ಮುಟ್ಟಿಸಿದಂತೆ ಮಾಡಿ ತೆಗೆದಳು. ಅದು ಬೆಳ್ಳಗೇ ಇತ್ತು.

"ಹಾಗಾದ್ರೆ ಬಿಸಿನೀರಿಗೆ ಅದ್ದಿದಾನೆ, ಪುಣ್ಯಾತ್ಮ," ಎಂದರು ಬಣ್ಣಗಾರಿಕೆ ಕಲಿಸಿ ನಿವೃತ್ತರಾದ ಯಾಂಗ್ ಮೇಷ್ಟ್ರು. "ಲಾಂಡ್ರಿ ತಪ್ಪು ಅಂತ ಬರಿಯಮ್ಮ."

ಮಾಲ್‌ಸುನ್ ಪೆನ್ನು ಹಿಡಿದಳು. ಈ ಕಾಗದ ದೊಕ್‌ಜೆಯ ಕೈಗೆ ಹೋಗುತ್ತದೆ. ಇದನ್ನು ಬರೆದವರಿಗೆ ರೇಷ್ಮೆಯ ಗಂಧವೇ ಇಲ್ಲ ಎಂದು ಅವನು ನಗುತ್ತಾನೆ. ಅಂಗಡಿಗೆ ಬಂದ ಹೆಂಗಸರ ಮುಂದೆಯೂ ಹೇಳುತ್ತಾನೆ, ಅವರು ತಲೆಯಾಡಿಸುತ್ತಾರೆ. ಬರೆದವಳು ಯಾರೆಂದು ಅವನಿಗೆ ಗೊತ್ತಾಗದಿದ್ದರೇನು? ಗಿರಾಕಿಗಳು ಹೋದದ್ದನ್ನು ಅವಳು ನುಂಗಿಕೊಂಡಿದ್ದಳು. ಅವನ ಕಣ್ಣಿನಲ್ಲಿ ಕೆಲಸ ಬಾರದವಳಾಗುವುದನ್ನು ನುಂಗಲಾರಳು.

"ತಡೀರಿ ಮೇಷ್ಟ್ರೇ. ನಾನು ಸರಿಯಾಗಿ ಒತ್ತಲಿಲ್ಲ."

ಎರಡನೆಯ ಸಲ ಅರಿವೆ ನೇರಳೆಯಾಯಿತು. ತಪ್ಪು ತಯಾರಕನದೆಂದು ಬರೆದಳು. ಕೆಳಗೆ ಲಾಂಡ್ರಿಯವನ ಕೆಲಸ ಹೇಗಿದೆ ಎಂದು ನಮೂದಿಸಲು ಒಂದು ಸಾಲಿತ್ತು. ಅಲ್ಲಿ 'ಸಾಧಾರಣ' ಎಂದು ಬರೆದಳು. ಮೇಷ್ಟ್ರು ಕೊರಳಂಚನ್ನೂ ಅವಳನ್ನೂ ನೋಡಿ ಸಹಿ ಹಾಕಿದರು.

ಹದಿನೈದು ದಿನ ಕಳೆದ ಮೇಲೆ ದೊಕ್‌ಜೆ ಕಾಗದ ಹಿಡಿದುಕೊಂಡು ರಸ್ತೆ ದಾಟಿ ಬಂದ.

"ಅಕ್ಕಾ, ನೀವೂ ಆ ಸಮಿತೀಲಿ ಇದೀರಂತೆ. ಬರೆದವರು ಯಾರು ಅಂತ ಕೇಳಲ್ಲ. ತಪ್ಪು ನನ್ನದಲ್ಲ ಅಂದಿದಾರೆ, ಬದುಕಿದೆ. ಆದ್ರೆ ಕೆಲಸ ಸಾಧಾರಣ ಅಂದಿದಾರೆ. ಎಲ್ಲಿ ಕೆಡಿಸಿದೆ ಅಂತ ನೀವು ನೋಡಿ ಹೇಳಿದ್ರೆ ತಿದ್ಕೋತೀನಿ."

ಅಲ್ಲಿಯ ಮಾತನ್ನು ಹೊರಗೆ ಆಡುವಂತಿಲ್ಲ ಎಂದು ಹೇಳಿ ಅವಳು ಇಸ್ತ್ರಿಪೆಟ್ಟಿಗೆ ಎತ್ತಿಕೊಂಡಳು. ಅವನು ತಲೆಬಾಗಿಸಿ ಹೊರಟ. ಇಷ್ಟು ಕಲಿತ ಮೇಲೂ ಇನ್ನೊಬ್ಬರನ್ನು ಹಾಗೆ ಕೇಳುತ್ತಾನಲ್ಲ, ಅದಕ್ಕೂ ಅವಳಿಗೆ ಹೊಟ್ಟೆ ಉರಿಯಿತು.