ಕೊನೆಯ ಬೋಗಿಯ ದನಿ

ಇವತ್ತು ಬೆಳಿಗ್ಗೆ ವಿಜಯನಗರದ ಬಸ್ ನಿಲ್ದಾಣದ ಹತ್ತಿರ ಯಾರೋ ಕಸದ ಗುಡ್ಡೆಗೆ ಬೆಂಕಿ ಹಚ್ಚಿದ್ದರು. ಅದರಲ್ಲಿ ಹಳೆಯ ಸೋಫಾದ ಸ್ಪಂಜೂ ಇತ್ತೆಂದು ಕಾಣುತ್ತದೆ. ಆ ವಾಸನೆ ಮೂಗಿಗೆ ತಾಕಿದ್ದೇ ತಡ, ನನ್ನ ಬಲಗೈ ತಾನಾಗಿ ಪಕ್ಕಕ್ಕೆ ಚಾಚಿಕೊಂಡು ಗೋಡೆಯನ್ನು ಹುಡುಕಿತು. ಅಲ್ಲಿ ಗೋಡೆ ಇರಲಿಲ್ಲ. ಹೂವು ಕೊಳ್ಳುತ್ತಿದ್ದ ಹೆಂಗಸೊಬ್ಬರ ಭುಜ ಸಿಕ್ಕಿತು. ‘ಏನಮ್ಮಾ, ತಲೆ ಸುತ್ತುತ್ತಾ?’ ಎಂದು ಆಕೆ ಕೇಳಿದರು. ಇಲ್ಲ ಆಂಟಿ ಎಂದು ಬಸ್ಸು ಹತ್ತಿದೆ. ಆದರೆ ಕಾಮಾಕ್ಷಿಪಾಳ್ಯ ಬರುವವರೆಗೂ ನಾನು ಬಸ್ಸಿನಲ್ಲಿರಲಿಲ್ಲ, ಮೆಟ್ಟಿಲ ಮೇಲಿದ್ದೆ.

ಯಾವ ಮೆಟ್ಟಿಲು ಎಂದು ತಿಳಿಯಲು ನೀವು ನನ್ನ ಜೊತೆ ಶಾಲೆಗೆ ಬರಬೇಕು. ಮಾಗಡಿ ರಸ್ತೆಯಿಂದ ಒಳಗೆ ತಿರುಗಿದರೆ ಒಂದು ಗಾರ್ಮೆಂಟ್ಸ್, ಅದರಾಚೆ ಸೋಫಾಕ್ಕೆ ಸ್ಪಂಜು ಕತ್ತರಿಸುತ್ತಿದ್ದ ಶೆಡ್ಡು, ಅದಕ್ಕೆ ಅಂಟಿಕೊಂಡಂತೆ ನಮ್ಮ ಪುಟ್ಟ ಶಾಲೆ. ಕೆಳಗೆ ಹೆಡ್‌ಮಿಸ್ ಸರೋಜಮ್ಮನವರ ಕೋಣೆ ಮತ್ತು ಉಳಿದ ತರಗತಿಗಳು; ಮೇಲೆ ಇತ್ತೀಚಿನವರೆಗೂ ನನ್ನದಾಗಿದ್ದ ಎರಡನೇ ತರಗತಿಯೊಂದೇ. ಮೇಲಕ್ಕೆ ಹೋಗಲು ಇರುವುದು ನಡುವೆ ತಿರುವಿರುವ ಕಿರಿದಾದ ಒಂದು ಮೆಟ್ಟಿಲು.

ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿ ಬಂದವಳು ನಾನು. ಸೇರಿದ ಮೊದಲ ವಾರವೇ ಬಣ್ಣದ ಚಾರ್ಟೊಂದರಲ್ಲಿ ಭರವಸೆ, ಆತ್ಮವಿಶ್ವಾಸ, ಕೃತಜ್ಞತೆ ಎಂದು ಬರೆದು, ಸುತ್ತ ಥರ್ಮೋಕೋಲಿನ ನಕ್ಷತ್ರ ಅಂಟಿಸಿ, ಗೋಡೆಗೆ ತೂಗುಹಾಕಿದೆ. ಒಬ್ಬ ಹುಡುಗ ಬಹಳ ಹೊತ್ತು ನೋಡಿ, ‘ಮಿಸ್, ಕೃತಜ್ಞತೆ ಅಂದ್ರೆ ತಿನ್ನೋದಾ?’ ಎಂದ. ಸರೋಜಮ್ಮ ಬಂದು ಕನ್ನಡಕ ಸರಿಮಾಡಿಕೊಂಡು ಓದಿದರು. ‘ಚೆನ್ನಾಗಿದೆ ಕಣಮ್ಮ. ಆದ್ರೆ ಆ ಗೋಡೆ ತೇವ, ನಿಲ್ಲಲ್ಲ’ ಎಂದರು. ಅವರೆಂದಂತೆಯೇ ಆಯಿತು. ಮಳೆಗಾಲ ಮುಗಿಯುವಷ್ಟರಲ್ಲಿ ಭರವಸೆ ಮೊದಲು ಕಳಚಿಬಿತ್ತು.

ನಮ್ಮ ರೈಲು ಹುಟ್ಟಿದ್ದು ಮಾತ್ರ ಯಾವ ಶಾಸ್ತ್ರದಿಂದಲೂ ಅಲ್ಲ, ನೂಕಾಟದಿಂದ. ಮನೆಗೆ ಬಿಡುವ ಗಂಟೆ ಹೊಡೆದರೆ ಮಕ್ಕಳು ಮೆಟ್ಟಿಲ ಮೇಲೆ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಅದಕ್ಕೆ ಸಾಲು ಮಾಡಿಸಿ, ಹಿಂದಿನವರು ಮುಂದಿನವರ ಅಂಗಿ ಹಿಡಿದುಕೊಳ್ಳಬೇಕು ಎಂದೆ. ದಿನಕ್ಕೊಬ್ಬರು ಇಂಜಿನ್. ಕೊನೆಯ ಬೋಗಿ ನಾನು. ತಿರುವಿಗೆ ಬಂದಾಗ ಇಂಜಿನ್ ನಿಂತು ‘ಎಲ್ರೂ ಇದೀರಾ?’ ಎಂದು ಕೂಗಬೇಕು. ಒಬ್ಬೊಬ್ಬರೂ ‘ಇದೀನಿ’ ಎನ್ನಬೇಕು. ಕೊನೆಯ ಬೋಗಿಯ ದನಿ ಕೇಳದೆ ರೈಲು ಹೊರಡುವಂತಿಲ್ಲ. ಈ ಕೊನೆಯ ನಿಯಮ ಮಕ್ಕಳದ್ದೇ. ಗೇಟಿಗೆ ತಲುಪಿದ ಮೇಲೆ ಇಂಜಿನ್ ಯಾರಿಗಾದರೂ, ಯಾವುದಕ್ಕಾದರೂ ಥ್ಯಾಂಕ್ಸ್ ಹೇಳಬೇಕು ಎಂದು ನಾನು ಸೇರಿಸಿದೆ. ಚಾರ್ಟು ಕಳಚಿದ ದುಃಖ ಇನ್ನೂ ಹೋಗಿರಲಿಲ್ಲ, ನೋಡಿ. ರಬ್ಬರ್ ವಾಪಸ್ ಕೊಟ್ಟಿದ್ದಕ್ಕೆ, ಇವತ್ತು ಹೊಡೆಯದ ಅಣ್ಣನಿಗೆ, ಮೆಟ್ರೋ ತೋರಿಸಿದ ಮಾವನಿಗೆ, ಹೀಗೆ ನಡೆಯುತ್ತಿತ್ತು ಥ್ಯಾಂಕ್ಸು.

ವರ್ಷದ ನಡುವೆ ಯಲ್ಲಮ್ಮ ಬಂದಳು. ಅವಳ ಅಪ್ಪ ಅಮ್ಮ ಯಾದಗಿರಿ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದವರು. ಮೊದಲ ದಿನ ಅವಳು ಬಾಯಿ ಬಿಟ್ಟಾಗ ಯಾರೋ ಅವಳ ಮಾತನ್ನು ಅಣಕಿಸಿ ನಕ್ಕರು. ಆಮೇಲೆ ಅವಳು ಬಾಯಿ ಬಿಡಲಿಲ್ಲ. ಇಂಜಿನ್ ಸರದಿ ಬಂದರೆ ತಲೆ ಆಡಿಸಿ ಹಿಂದೆ ಸರಿಯುವಳು. ಒಂದು ದಿನ, ಏನನ್ನಿಸಿತೋ, ಮುಂದೆ ಹೋಗಿ ನಿಂತು ತಿರುವಿನಲ್ಲಿ ಸಣ್ಣ ದನಿಯಲ್ಲಿ ‘ಎಲ್ಲಾರೂ ಅದೀರೇನ್ರೀ?’ ಎಂದಳು. ನಗು ಬಂತು, ನಿಜ. ಆದರೆ ಅವಳ ಹಿಂದಿದ್ದ ತುಂಟನೊಬ್ಬ ‘ಅದೀನ್ರೀ’ ಎಂದ. ಅವನ ಹಿಂದಿನವಳೂ ಹಾಗೇ ಅಂದಳು. ಆ ಸಂಜೆ ಇಡೀ ರೈಲು ಯಾದಗಿರಿಯದಾಯಿತು. ಮರುದಿನ ‘ಅವಳ ಥರಾನೇ ಕೂಗ್ತೀನಿ ಮಿಸ್’ ಎಂದು ಎಲ್ಲರಿಗೂ ಪೈಪೋಟಿ.

ಅವಳ ಮುಂದಿನ ಸರದಿಯ ದಿನವೇ ಶೆಡ್ಡಿಗೆ ಬೆಂಕಿ ಬಿತ್ತು.

ಊಟವಾಗಿ ಸ್ವಲ್ಪ ಹೊತ್ತಾಗಿತ್ತು. ಮೊದಲು ವಾಸನೆ, ಆಮೇಲೆ ಕಿಟಕಿಯಲ್ಲಿ ಕರಿ ಹೊಗೆ. ಕೆಳಗೆ ಗಂಟೆ ಒಂದೇ ಸಮನೆ ಹೊಡೆಯತೊಡಗಿತು. ನನ್ನ ಬಾಯಿಂದ ಬಂದದ್ದು ‘ಸಾಲು’ ಎಂಬ ಒಂದೇ ಮಾತು. ಮಕ್ಕಳು ಸಾಲಾದರು. ನಾನೇ ಮುಂದೆ ಹೋಗೋಣವೆನ್ನಿಸಿತು. ಆದರೆ ಹಿಂದೆ ಯಾರಾದರೂ ಮೇಜಿನ ಕೆಳಗೆ ಅಡಗಿ ಉಳಿದರೆ? ಯಲ್ಲಮ್ಮ ಆಗಲೇ ಬಾಗಿಲಲ್ಲಿದ್ದಳು. ಹೋಗು ಎಂದೆ. ಇದನ್ನು ನಾನು ಮತ್ತೆ ಮತ್ತೆ ತಿರುಗಿಸಿ ನೋಡುತ್ತೇನೆ. ಏಳು ವರ್ಷದ ಹುಡುಗಿಯನ್ನು ಹೊಗೆಯೊಳಕ್ಕೆ ಮುಂದೆ ಕಳಿಸಿದೆ.

ಮೆಟ್ಟಿಲ ಮೇಲೆ ಏನೂ ಕಾಣುತ್ತಿರಲಿಲ್ಲ. ಒಂದು ಕೈಯಲ್ಲಿ ಗೋಡೆ, ಇನ್ನೊಂದರಲ್ಲಿ ಮುಂದಿನ ಮಗುವಿನ ಅಂಗಿ. ತಿರುವಿನಲ್ಲಿ ರೈಲು ನಿಂತಿತು. ದಿನವೂ ನಿಲ್ಲುವ ಜಾಗವಲ್ಲವೇ? ‘ಎಲ್ಲಾರೂ ಅದೀರೇನ್ರೀ?’ ಎಂಬ ಕೂಗು ಕೆಳಗಿನಿಂದ ಬಂತು. ಕೆಮ್ಮಿನ ನಡುವೆ ಒಂದೊಂದೇ ದನಿ ಮೇಲಕ್ಕೆ ಹತ್ತಿ ಬಂತು. ನನ್ನ ಸರದಿ ಬಂದಾಗ ಗಂಟಲು ಕಟ್ಟಿಹೋಗಿತ್ತು. ನಿಲ್ಲಬೇಡ, ಓಡು ಎಂದು ಕಿರುಚಬೇಕು, ಉಸಿರೇ ಇಲ್ಲ. ರೈಲು ಕದಲಲಿಲ್ಲ. ನಾನೇ ಕಲಿಸಿದ ಆಟ ಮಕ್ಕಳನ್ನು ಹೊಗೆಯಲ್ಲಿ ನಿಲ್ಲಿಸಿತ್ತು.

ಮತ್ತೆ ಆ ದನಿ, ಈಗ ಗಟ್ಟಿಯಾಗಿ: ‘ಮಿಸ್, ನೀವ್ ಅದೀರೇನ್ರೀ?’

ಎಲ್ಲಿಂದ ಬಂತೋ ಉಸಿರು. ‘ಅದೀನವ್ವಾ, ನಡಿ’ ಎಂದೆ. ರೈಲು ಹೊರಟಿತು.

ಯಾರಿಗೂ ಏನೂ ಆಗಲಿಲ್ಲ. ಬೀದಿಯವರು ನೀರು ತಂದರು, ಸರೋಜಮ್ಮ ಮಕ್ಕಳ ತಲೆ ಮುಟ್ಟಿ ಮುಟ್ಟಿ ಎಣಿಸಿದರು. ಆ ಗದ್ದಲದಲ್ಲಿ ಯಲ್ಲಮ್ಮ ಗೇಟನ್ನು ಬಿಟ್ಟು ಕದಲಲೇ ಇಲ್ಲ. ಯಾಕೆಂದು ಕೇಳಿದರೆ, ಇನ್ನೂ ಥ್ಯಾಂಕ್ಸ್ ಹೇಳಿಲ್ಲವಂತೆ. ಹೇಳವ್ವ ಎಂದೆ. ನನ್ನನ್ನೇ ನೋಡಿ, ‘ಮಿಸ್ ದನಿ ಕೊಟ್ರಲ್ರೀ, ಅದಕ್ಕ’ ಎಂದಳು.

ಶೆಡ್ಡು ಮುಚ್ಚಿತು. ಮೆಟ್ಟಿಲಿಗೆ ಸುಣ್ಣ ಬಳಿದರು. ಮಕ್ಕಳು ಮೇಲಕ್ಕೆ ಹೋದರು, ನನ್ನಿಂದ ಹೋಗಲಾಗಲಿಲ್ಲ. ಸರೋಜಮ್ಮ ನನ್ನನ್ನು ಕೆಳಗಿನ ಒಂದನೇ ತರಗತಿಗೆ ಹಾಕಿ, ನೋಯುವ ಮೊಣಕಾಲಿನಲ್ಲೇ ತಾವು ಮೇಲೆ ಹತ್ತಿದರು. ಸಂಜೆ ಕೊನೆಯ ಬೋಗಿಯೂ ಅವರೇ ಆದರು.

ಇವತ್ತು ಸಂಜೆ ಮಾತ್ರ ಗಂಟೆಗೆ ಮೊದಲೇ ಕೆಳಗಿಳಿದು ಬಂದು ಬೆಂಚಿನ ಮೇಲೆ ಕುಳಿತರು. ಮೊಣಕಾಲು ಹಿಡ್ಕೊಂಡಿದೆ ಎಂದರು. ನಿಜವೋ ಸುಳ್ಳೋ ನಾನು ಕೇಳಲಿಲ್ಲ. ಗಂಟೆ ಹೊಡೆಯಿತು. ತಿರುವಿನವರೆಗೆ ಕಾಲಸಪ್ಪಳ ಬಂದು ನಿಂತಿತು. ಕೂಗು ಬಂತು, ಉತ್ತರಗಳು ಬಂದವು, ಕೊನೆಯ ಬೋಗಿಯ ದನಿ ಮಾತ್ರ ಬರಲಿಲ್ಲ. ಸರೋಜಮ್ಮ ಗೋಡೆ ನೋಡುತ್ತಿದ್ದರು. ಮೇಲೆ ಯಾರೂ ಕದಲಲಿಲ್ಲ. ಈ ಮಕ್ಕಳು ನಿಂತೇ ಇರುತ್ತಾರೆ ಎಂದು ನನಗೆ ಗೊತ್ತಿತ್ತು.

ಹತ್ತಿದೆ. ಸುಣ್ಣದ ವಾಸನೆ ಇತ್ತು. ಮಕ್ಕಳು ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು. ನಡುವೆ ಎಲ್ಲೋ ಇದ್ದ ಯಲ್ಲಮ್ಮ ನನ್ನ ಸೆರಗನ್ನು ಒಮ್ಮೆ ಮುಟ್ಟಿದಳು. ಕೊನೆಗೆ ಹೋಗಿ ನಿಂತು, ಮುಂದಿನವನ ಅಂಗಿ ಹಿಡಿದು, ‘ಅದೀನ್ರೀ’ ಎಂದೆ.

ಗೇಟಿನಲ್ಲಿ ಇಂದಿನ ಇಂಜಿನ್, ಕೃತಜ್ಞತೆ ತಿನ್ನುವುದೇ ಎಂದು ಕೇಳಿದ್ದ ಅದೇ ಹುಡುಗ, ಎದೆಯುಬ್ಬಿಸಿ ನಿಂತ. ಇವತ್ತು ನನಗೇ ಹೇಳಬಹುದೆಂದು ನಾನೂ ಸೆರಗು ಸರಿಮಾಡಿಕೊಂಡೆ. ಅವನು ಬೆಳಗಿನ ಇಡ್ಲಿಗೆ ಕೆಂಪು ಚಟ್ನಿ ಮಾಡಿಕೊಟ್ಟ ಅಜ್ಜಿಗೆ ಥ್ಯಾಂಕ್ಸ್ ಹೇಳಿ ಓಡಿಹೋದ.

ವಿಜಯನಗರದಲ್ಲಿ ಬಸ್ಸಿಳಿದಾಗ ಕಸದ ಗುಡ್ಡೆ ಇನ್ನೂ ಹೊಗೆಯಾಡುತ್ತಿತ್ತು. ಗೋಡೆ ಹುಡುಕಲು ಬಲಗೈ ಮತ್ತೆ ಮೇಲೆದ್ದಿತು. ಅದೇ ಕೈಯಲ್ಲಿ ಮೂಗಿಗೆ ಸೆರಗು ಹಿಡಿದುಕೊಂಡು ನಡೆದೆ.