ಹೊಗೆ ಹೋಗುವ ದಾರಿ, ದೇವಯ್ಯ ಬರುವ ದಾರಿ

ದೇವಯ್ಯನಿಗೆ ಸರ್ಕಾರ ಕೊಟ್ಟ ಸರ್ಟಿಫಿಕೇಟಿನಲ್ಲಿ, ಈತ ಯಾವುದೇ ಅಡುಗೆಮನೆಯಲ್ಲಿ ಹೊಗೆಯಿಲ್ಲದ ಒಲೆ ಕಟ್ಟಲು ಅರ್ಹ ಎಂದು ಬರೆದಿದೆ. ‘ಯಾವುದೇ’ ಎಂದು ಬರೆದ ಪುಣ್ಯಾತ್ಮ ಚಿಕ್ಕಯ್ಯನಛತ್ರ ಹೋಬಳಿಯ ನಮ್ಮ ಹಳ್ಳಿಯನ್ನು ನೋಡಿರಲಿಕ್ಕಿಲ್ಲ.

ನಮ್ಮೂರಿನ ಕೆಳಗಿನ ಬೀದಿಯ ದೇವಯ್ಯ ಮೊದಲು ಹೆಂಚು ಕೈಯಾಡಿಸುವವನು. ಮಳೆಗಾಲಕ್ಕೆ ಮುಂಚೆ ಮೇಲಿನ ಬೀದಿಯ ಮನೆಗಳ ಸೂರು ಹತ್ತಿ, ಒಡೆದ ಹೆಂಚು ತೆಗೆದು ಹೊಸದು ಕೂರಿಸುತ್ತಿದ್ದ. 1996ರಲ್ಲಿ ಮೈಸೂರಿನಲ್ಲಿ ಹತ್ತು ದಿನದ ಒಲೆ ತರಬೇತಿಗೆ ಹೋಗಿಬಂದ. ಅಲ್ಲಿ ಕಲಿತದ್ದನ್ನೆಲ್ಲ ಒಂದೇ ಮಾತಿನಲ್ಲಿ ಹೇಳುತ್ತಿದ್ದ: “ಒಗೆಗೆ ಮೂಲೆ ತಿರುಗಕ್ಕೆ ಬರಕ್ಕಿಲ್ಲ ಕಣಪ್ಪ. ಪೈಪು ಒಲೆಯಿಂದ ನೆಟ್ಟಗೆ ಸೂರಿನ ಮ್ಯಾಕೆ ಓಗ್ಬೇಕು, ಅಷ್ಟೇಯ.” ಮೊದಲ ಒಲೆಯನ್ನು ಹೆಂಡತಿ ಕೆಂಪಾಜಮ್ಮನಿಗೆ ಕಟ್ಟಿಕೊಟ್ಟ. ಆರು ತಿಂಗಳಲ್ಲಿ ಕೆಳಗಿನ ಬೀದಿಯ ಸೂರುಗಳ ಮೇಲೆಲ್ಲ ಪೈಪು ಎದ್ದವು. ಮೇಲಿನ ಬೀದಿಯಲ್ಲಿ ಒಂದೂ ಏಳಲಿಲ್ಲ. ಅಲ್ಲಿನವರು ಹೊಗೆಯನ್ನಾದರೂ ಒಳಗೆ ಇಟ್ಟುಕೊಂಡಾರು, ಕೆಳಗಿನ ಬೀದಿಯವನನ್ನು ಅಡುಗೆಮನೆಗೆ ಬಿಟ್ಟುಕೊಳ್ಳರು.

ಅಂಥ ಬೀದಿಯ ಜವರಯ್ಯನವರೇ ಒಂದು ದಿನ ದೇವಯ್ಯನಿಗೆ ಹೇಳಿಕಳಿಸಿದರು. ಕಾರಣ ಅವರ ಹೆಂಡತಿ ಸಣ್ಣತಾಯಮ್ಮನ ಕೆಮ್ಮು. ನಂಜನಗೂಡಿನ ಡಾಕ್ಟರು ಎಕ್ಸರೆ ನೋಡಿ, ಬೀಡಿ ಸೇದುತ್ತೀರಾ ಎಂದು ಕೇಳಿದ್ದರಂತೆ. ಮೂವತ್ತು ವರ್ಷ ಒಲೆ ಮುಂದೆ ಕೂತಿದ್ದೀನಿ ಎಂದು ಆಕೆ ಹೇಳಿದಾಗ, ಇನ್ನೊಂದು ಮಳೆಗಾಲ ಹಾಗೇ ಕೂತರೆ ಶ್ವಾಸಕೋಶ ಉಳಿಯುವುದಿಲ್ಲ ಎಂದರಂತೆ. ಹಸಿ ಸೌದೆಯ ಕಾಲಕ್ಕೆ ಇನ್ನು ಎರಡು ತಿಂಗಳಿತ್ತು.

ದೇವಯ್ಯ ಒಲೆಯ ಅಚ್ಚು ಹೊತ್ತು ಬಂದ. ಜವರಯ್ಯ ಜಗಲಿಯ ಮೇಲಿಂದಲೇ ವ್ಯವಸ್ಥೆ ವಿವರಿಸಿದರು.

“ನೀನು ಹಿತ್ಲಲ್ಲಿ ಕಿಟಕಿ ತಾವ ನಿಂತ್ಕೊಂಡು ಹೇಳು. ನಮ್ ಮಹದೇವ ಒಳಗೆ ಕಟ್ತಾನೆ.”

“ಒಳ್ಗೆ ವಸಿ ನೋಡ್ದೆ ಎಂಗೆ ಯಜಮಾನ್ರೇ? ಮ್ಯಾಗಡೆ ಏನದೆ ಅಂತ ಗೊತ್ತಾಗ್ಬೇಕಲ್ಲ.”

“ಮೇಲೇನಿರ್ತದೆ? ಸೂರದೆ.”

ಮಗ ಮಹದೇವ ನಂಜನಗೂಡಿನ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವನು. ಯಂತ್ರದ ಮುಂದೆ ದಿನವೂ ನಿಲ್ಲುವ ತನಗೆ ಮಣ್ಣಿನ ಒಲೆ ಯಾವ ಲೆಕ್ಕ ಎಂದುಕೊಂಡ. ದೇವಯ್ಯ ಕಿಟಕಿಯಲ್ಲಿ ಕೂಗಿದಂತೆ ಒಲೆ ಎದ್ದಿತು. ಪೈಪು ಏರಿಸುವಾಗ ಒಲೆಯ ನೇರಕ್ಕೆ ಅಟ್ಟದ ತೊಲೆ ಅಡ್ಡ ಬಂತು. ಮಹದೇವ ಅದನ್ನು ದೇವಯ್ಯನಿಗೆ ಹೇಳಲಿಲ್ಲ. ಹೇಳಿದರೆ ಕೇಳಿದಂತಾಗುತ್ತದೆ, ಕೇಳಿದರೆ ತನಗೆ ಗೊತ್ತಿಲ್ಲವೆಂದಾಗುತ್ತದೆ. ಪೈಪನ್ನು ಎರಡು ಕಡೆ ತಿರುಗಿಸಿ, ಗೋಡೆ ಕೊರೆದು, ಕಿಟಕಿಯ ಪಕ್ಕದಲ್ಲೇ ಆಚೆಗೆ ತೂರಿಸಿದ. ಹಿತ್ತಲಲ್ಲಿ ನಿಂತಿದ್ದ ದೇವಯ್ಯನ ಕಿವಿಯ ಹತ್ತಿರವೇ ಪೈಪು ಮೂತಿ ಚಾಚಿತು.

“ಇದ್ಯಾಕ್ ಸಾ ಇಲ್ಲಿಗ್ ಬಂತು?”

“ಹೊರಗೆ ಬಂತಲ್ಲ, ಸಾಕು ಬಿಡು.”

ಒಲೆ ಹಚ್ಚಿದಾಗ ಹೊಗೆ ಮೊದಲ ಮೂಲೆಯಲ್ಲಿ ತಡವರಿಸಿ, ಎರಡನೆಯದರಲ್ಲಿ ಹಿಂತಿರುಗಿ, ಬಂದ ದಾರಿಯಲ್ಲೇ ಸಣ್ಣತಾಯಮ್ಮನ ಮುಖಕ್ಕೆ ಹೊಡೆಯಿತು. ಹೇಗೋ ಹೊರಬಿದ್ದಷ್ಟು ಹೊಗೆಯೂ ಕಿಟಕಿಯಿಂದ ಮತ್ತೆ ಮನೆಗೇ ಬಂತು. ವಾರ ಕಳೆದ ಮೇಲೆ ಜೀಪಿನಲ್ಲಿ ತಪಾಸಣೆಗೆ ಬಂದ ಒಲೆ ಯೋಜನೆಯ ಅಧಿಕಾರಿ ಹಿತ್ತಲಲ್ಲಿ ನಿಂತು ನೋಡಿದರು. ಹೊಗೆ ಪೈಪಿನಿಂದ, ಬಾಗಿಲಿನಿಂದ, ಹೆಂಚಿನ ಸಂದಿಯಿಂದ ಬರುತ್ತಿತ್ತು. ‘ಹೊಗೆ ಚೆನ್ನಾಗಿ ಹೊರಹೋಗುತ್ತಿದೆ’ ಎಂದು ಫಾರಂನಲ್ಲಿ ಬರೆದುಕೊಂಡು, ಒಳಗಿನಿಂದ ಬಂದ ಕಾಫಿ ಕುಡಿದು ಹೋದರು. ಆ ಕಾಫಿ ಕಾಸಿದ ಸಣ್ಣತಾಯಮ್ಮ ಕೆಮ್ಮಿ ಕೆಮ್ಮಿ ಗೋಡೆಗೆ ಒರಗಿದ್ದರು.

ಇದನ್ನು ಕೇಳಿದ ದೇವಯ್ಯನಿಗೆ ನಿದ್ದೆ ಕೆಟ್ಟಿತು. ಒಂದು ಬೆಳಿಗ್ಗೆ ಮಹದೇವ ಕೆಲಸಕ್ಕೆ ಹೋದ ಮೇಲೆ ಏಣಿ ತಂದು ಜವರಯ್ಯನವರ ಸೂರು ಹತ್ತಿದ. ಯಾರೂ ಯಾಕೆಂದು ಕೇಳಲಿಲ್ಲ. ನಮ್ಮಲ್ಲಿ ಸೂರಿನ ಮೇಲೆ ಮೈಲಿಗೆ ಇಲ್ಲ. ದೇವಯ್ಯ ದೇವರಮನೆಯ ನೆತ್ತಿಯ ಮೇಲೆ ಕಾಲಿಟ್ಟು ಓಡಾಡಬಹುದು. ಅಡುಗೆಮನೆಯ ಹೊಸ್ತಿಲ ಮೇಲೆ ಇಡಬಾರದು. ಈ ಶಾಸ್ತ್ರವನ್ನು ಬರೆದವನಿಗೆ ಸೂರು ಸೋರುವ ಭಯ ಚೆನ್ನಾಗಿ ಗೊತ್ತಿತ್ತು.

ಅವನು ನಾಲ್ಕು ಹೆಂಚು ಎತ್ತಿ ಇಣುಕಿದ. ಕೆಳಗೆ ಸಣ್ಣತಾಯಮ್ಮ ಕಣ್ಣೊರೆಸಿಕೊಳ್ಳುತ್ತ ಕೂತಿದ್ದರು.

“ಅವ್ವಾ, ತೊಲೆ ಅದೆ ಅಂತ ಯಾರೂ ಹೇಳ್ನೇ ಇಲ್ವಲ್ಲ.”

“ನೀನು ಕೇಳ್ನಿಲ್ವಲ್ಲಪ್ಪ.”

“ಕೇಳ್ದೆ. ಸೂರದೆ ಅಂದ್ರು.”

ಸಣ್ಣತಾಯಮ್ಮನಿಗೆ ನಗು ಬಂತು, ನಗು ಕೆಮ್ಮಾಯಿತು. ದೇವಯ್ಯ ದಾರಕ್ಕೆ ಕಟ್ಟಿದ ಗುಂಡನ್ನು ತೊಲೆ ತಪ್ಪಿಸಿ ಇಳಿಬಿಟ್ಟ. ಅದು ಒಲೆಯಿಂದ ಒಂದು ಮೊಳ ಎಡಕ್ಕೆ ನೆಲ ಮುಟ್ಟಿತು.

“ಅಲ್ಲಿ ಇದ್ದಲು ಮಡಗಿ ಗುರ್ತು ಮಾಡಿ ಅವ್ವ. ಒಲೆ ಅಲ್ಲಿರ್ಬೇಕಿತ್ತು. ಒಡ್ದು ಕಟ್ಟದೆ ಬ್ಯಾರೆ ದಾರಿ ಇಲ್ಲ.”

ಆಕೆ ಇದ್ದಿಲಿನಿಂದ ಗೆರೆ ಎಳೆದರು. ಮೂಲೆಯಲ್ಲಿದ್ದ ಒನಕೆ ತಂದು, ಮಗ ಕಟ್ಟಿದ ಒಲೆಗೆ ನಾಲ್ಕು ಪೆಟ್ಟು ಹಾಕಿದರು. ಆಮೇಲೆ ಜಗಲಿಗೆ ಬಂದು ಗಂಡನಿಗೆ ಹೇಳಿದರು: “ಒಲೆ ಒಡ್ದಿವ್ನಿ. ದೇವಯ್ಯ ಒಳಕ್ ಬಂದು ಕಟ್ಟೋಗಂಟ ಈ ಮನೇಲಿ ಹಿಟ್ಟಿಲ್ಲ.”

“ಮಹದೇವ ಸಂಜೆ ಬಂದು ಕಟ್ತಾನೆ ಬುಡು.”

“ಅವ್ನು ಕಟ್ಟಿದ್ ಒಲೆ ಹೊಗೇನ ತಿಂಗ್ಳಿಂದ ಕುಡೀತಾ ಇವ್ನಿ. ಕೆಮ್ಮೋಳು ನಾನು, ನೀವಲ್ಲ.”

ಹೋಟೆಲಿನಲ್ಲಿ ತಿನ್ನಬಹುದಿತ್ತು. ಆದರೆ ಜವರಯ್ಯ ಜನ್ಮದಲ್ಲಿ ಹೋಟೆಲಿನ ಅನ್ನ ಮುಟ್ಟಿದವರಲ್ಲ. ಒಳಗೆ ಬೇಯಿಸುವವರು ಯಾರೋ ಏನೋ. ಹತ್ತು ಗಂಟೆಗೆ ಅವರು ನೀರು ಕುಡಿದರು. ಹನ್ನೆರಡಕ್ಕೆ ಬಾಳೆಹಣ್ಣು ತಿಂದರು. ಒಂದೂವರೆಗೆ ಅಕ್ಕಪಕ್ಕದ ಮನೆಗಳಿಂದ ಒಗ್ಗರಣೆಯ ವಾಸನೆ ಬಂತು. ಎರಡು ಗಂಟೆಯಾದರೂ ದೇವಯ್ಯ ಸೂರಿನ ಮೇಲೆ ಬಿಸಿಲಲ್ಲೇ ಕೂತಿದ್ದ. ಎರಡೂ ಕಾಲಿಗೆ ಜಗಲಿಯಿಂದ ದನಿ ಕೇಳಿಸಿತು.

“ಲೇ ದೇವಯ್ಯ, ಇಳ್ದು ಬಾರೋ. ಬೇಗ ಮುಗ್ಸು.”

ಸಮಾಜ ಸುಧಾರಣೆಗೆ ನಮ್ಮಲ್ಲಿ ಎಷ್ಟೋ ಜನ ಎಷ್ಟೋ ಭಾಷಣ ಮಾಡಿದ್ದಾರೆ. ಮಧ್ಯಾಹ್ನದ ಊಟ ತಪ್ಪಿಸಿ ನೋಡುವ ಉಪಾಯ ಯಾರಿಗೂ ಹೊಳೆದಿರಲಿಲ್ಲ.

ದೇವಯ್ಯ ಮುಂಬಾಗಿಲಿಂದಲೇ ಒಳಗೆ ಹೋದ. ಗುರುತಿನ ಮೇಲೆ ಒಲೆ ಕಟ್ಟಿ, ಪೈಪನ್ನು ತೊಲೆಗೆ ತಾಗದಂತೆ ನೆಟ್ಟಗೆ ಸೂರು ದಾಟಿಸಿದ. ಒಣ ಪುಳ್ಳೆ ಹಾಕಿ ಸಣ್ಣಗೆ ಹಚ್ಚಿದಾಗ ಹೊಗೆ ಪೈಪಿನಲ್ಲಿ ಸರ್ರನೆ ಏರಿತು. ಸಣ್ಣತಾಯಮ್ಮ ಒಲೆಯ ಮುಂದೆ ಕೂತು ಮೂಗಿನ ತುಂಬ ಉಸಿರೆಳೆದು, ಬಿಟ್ಟು, ಮತ್ತೆ ಎಳೆದರು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ದೇವಯ್ಯ ಹೋದ ಮೇಲೆ ಜವರಯ್ಯ ಚೊಂಬಿನಲ್ಲಿ ಗಂಜಲ ತಂದು ಶುದ್ಧಿಗೆಂದು ಅಡುಗೆಮನೆಗೆಲ್ಲ ಎರಚಿದರು. ಬಿಸಿ ಒಲೆಯ ಹಸಿ ಮಣ್ಣು ತಣ್ಣನೆಯ ಗಂಜಲ ಬಿದ್ದು ಚಟ್ಟನೆ ಸೀಳುಬಿಟ್ಟಿತು. ಸೀಳಿನಿಂದ ಹೊಗೆ ಮತ್ತೆ ಮನೆಗೆ ಬಂತು. ಮಾರನೆಯ ದಿನ ದೇವಯ್ಯನನ್ನು ಕರೆಸಿ ಮೆತ್ತಿಸಬೇಕಾಯಿತು. ಅವನು ಒಳಗೆ ಬಂದು ಹೋದದ್ದರಿಂದ ಮತ್ತೆ ಗಂಜಲ, ಗಂಜಲದಿಂದ ಮತ್ತೆ ಸೀಳು, ಸೀಳಿಗೆ ಮತ್ತೆ ದೇವಯ್ಯ. ವಾರದಲ್ಲಿ ಮೂರು ಸಲ. ಮೂವತ್ತು ವರ್ಷದಲ್ಲಿ ಅವನ ಅಪ್ಪ ಆ ಮನೆಯ ಜಗಲಿಗೂ ಅಷ್ಟು ಸಲ ಬಂದಿರಲಿಲ್ಲ.

ನಾಲ್ಕನೆಯ ಸಲ ಸಣ್ಣತಾಯಮ್ಮ ಗಂಡನ ಕೈಯಿಂದ ಚೊಂಬು ಕಸಿದುಕೊಂಡು ತಿಪ್ಪೆಗೆ ಸುರಿದು ಬಂದರು. “ಮೈಲಿಗೆ ನಂಗಿರ್ಲಿ, ಉಸ್ರೂ ನಂಗಿರ್ಲಿ,” ಎಂದರು. ಆ ಮಳೆಗಾಲ ಹಸಿ ಸೌದೆ ಉರಿದರೂ ಅವರು ಗೋಡೆಗೆ ಒರಗಲಿಲ್ಲ.

2004ರಲ್ಲಿ ಮಹದೇವ ಗ್ಯಾಸ್ ತಂದ. ಸಿಲಿಂಡರ್ ಹೊತ್ತವನು ಯಾರ ಮಗನೆಂದು ಜವರಯ್ಯ ಕೇಳಲಿಲ್ಲ. ಅವನು ಚಪ್ಪಲಿ ಸಮೇತ ಅಡುಗೆಮನೆಗೆ ಹೋಗಿಬಂದ. ಹಳೇ ಒಲೆ ಒಡೆದುಹಾಕೋಣ ಎಂದು ಮಗ ಹೇಳಿದಾಗ ಸಣ್ಣತಾಯಮ್ಮ, ಹಿಟ್ಟು ಅದರಲ್ಲೇ ಬೆಂದರೆ ಚೆನ್ನ ಎಂದರು. ಪೈಪಿನ ಮಸಿ ಗುಡಿಸಲು ವರ್ಷಕ್ಕೆ ಎರಡು ಸಲ ಈಗಲೂ ದೇವಯ್ಯನಿಗೆ ಹೇಳಿಕಳಿಸುತ್ತಾರೆ. ಅವನು ಮುಂಬಾಗಿಲಿಂದ ಬರುತ್ತಾನೆ. ಅಷ್ಟು ಹೊತ್ತು ಜವರಯ್ಯ ಜಗಲಿಯಲ್ಲಿ ಬೀದಿಯ ಕಡೆ ಮುಖ ಮಾಡಿ ಕೂರುತ್ತಾರೆ.