ಅಮಾವಾಸ್ಯೆಯ ಮಗ್ಗದ ಸದ್ದು

ಮೂಲೆಮನೆ ಅತ್ತೆಯ ಒಂದು ಕಿವಿಯ ಹಾಲೆ ಹರಿದು ಎರಡಾಗಿ ಜೋತಾಡುತ್ತಿತ್ತು. ಎಡಗಿವಿ ಎಂದು ನನ್ನ ನೆನಪು. ಬಲಗಿವಿ ಎನ್ನುತ್ತಾಳೆ ಅಮ್ಮ. ಮಾಸ್ಕಿನ ದಾರ ಆ ಸೀಳಿಗೆ ಸಿಕ್ಕಿಕೊಳ್ಳುತ್ತದೆಂದು ಅವರು ಅದನ್ನು ಮಗ್ಗದಲ್ಲಿ ಉಳಿದ ನೂಲಿನಿಂದ ತಲೆಯ ಹಿಂದೆ ಕಟ್ಟುತ್ತಿದ್ದರು. ಒಂದು ದಿನ ಕೆಂಪು ನೂಲು, ಇನ್ನೊಂದು ದಿನ ಹಸಿರು. ಅವರು ನನಗೆ ಸ್ವಂತ ಅತ್ತೆಯಲ್ಲ, ಬೀದಿಗೆಲ್ಲ ಅತ್ತೆ.

ಕೊರೋನಾದ ಎರಡನೇ ಅಲೆ. ಮಡತ್ತುಕುಳಂ ಕಡೆಯ ನಮ್ಮ ನೇಕಾರರ ಬೀದಿಯಲ್ಲಿ ಮನೆಯೊಳಗೆ ಕನ್ನಡ, ಜಗಲಿ ಇಳಿದರೆ ತಮಿಳು. ಶರವಣಂಪಟ್ಟಿಯಲ್ಲಿ ನಾನು ಪಾಠ ಹೇಳುವ ಕಾಲೇಜು ಮುಚ್ಚಿತ್ತು, ಊರಿಗೆ ಬಂದಿದ್ದೆ. ಅತ್ತೆ ನಾಲ್ಕಾರು ಜನರನ್ನು ಸೇರಿಸಿಕೊಂಡು ಜ್ವರದ ಮನೆಗಳಿಗೆ ಗಂಜಿ, ಮಾತ್ರೆ ತಲುಪಿಸುತ್ತಿದ್ದರು. ಅಗತ್ಯ ಬಿದ್ದರೆ ಆಟೋ ತರುತ್ತಿದ್ದರು. ಆ ಗುಂಪಿಗೆ ಹೆಸರಿರಲಿಲ್ಲ, ಒಂದು ನಿಯಮ ಮಾತ್ರ ಇತ್ತು: ಬೆಳಗಾದರೆ ಪ್ರತಿ ಮನೆಯ ಮಗ್ಗವೂ ಸ್ವಲ್ಪ ಹೊತ್ತು ಸದ್ದು ಮಾಡಬೇಕು. ಸದ್ದು ಕೇಳದ ಮನೆಯ ಬಾಗಿಲನ್ನು ಅವರು ತಟ್ಟುತ್ತಾರೆ.

"ಫೋನು ಸುಳ್ಳು ಹೇಳ್ತದೆ, ತರಿ ಹೇಳಾದಿಲ್ಲ," ಎನ್ನುತ್ತಿದ್ದರು. ನಮ್ಮಲ್ಲಿ ಮಗ್ಗಕ್ಕೆ ತರಿ ಎಂದೇ ಹೆಸರು.

ನಮ್ಮ ಮನೆಯ ತರಿ ಸುಳ್ಳು ಹೇಳಿತು. ಅಪ್ಪನಿಗೆ ಜ್ವರ ಬಂದು, ಉಸಿರು ಎಳೆಯುವುದೂ ಕಷ್ಟವಾಗಿತ್ತು. ಪಕ್ಕದ ಬೀದಿಯಿಂದ ಆಸ್ಪತ್ರೆಗೆ ಹೋದವರೊಬ್ಬರು ಮರಳಿರಲಿಲ್ಲ. ಯಾರೂ ಹೊರಬರದಂತೆ ಅವರ ಮನೆಬಾಗಿಲಿಗೆ ತಗರ, ಅಂದರೆ ತಗಡಿನ ಹಾಳೆ, ಹೊಡೆದಿದ್ದರು. "ನಾ ಹೋಗಲ್ಲ. ಯಾರಿಗೂ ಹೇಳಬೇಡಿ," ಎಂದ ಅಪ್ಪ. ಹಾಗಾಗಿ ಬೆಳಗ್ಗೆ ನಾನೇ ಮಗ್ಗದ ಗುಂಡಿಗಿಳಿದು ಬಡಿಯತೊಡಗಿದೆ.

ಹೊರಗಿನಿಂದ ಕೂಗು ಬಂತು.

"ಯಾವನ್ಡಾ ಅದು, ಅಮಾಸೆ ದಿನ ತರಿ ಓಟೋನು?"

ಅಮಾವಾಸ್ಯೆಗೆ ನಮ್ಮ ಬೀದಿಯಲ್ಲಿ ಯಾರೂ ಮಗ್ಗ ಮುಟ್ಟುವುದಿಲ್ಲ, ಅತ್ತೆಯ ನಿಯಮಕ್ಕೂ ಆ ದಿನ ರಜೆ. ಅಂದು ಬಡಿಯುತ್ತಿದ್ದುದು ನಮ್ಮದೊಂದೇ.

"ಅಪ್ಪ, ಅತ್ತೆ," ಎಂದೆ ಒಳಗಿನಿಂದಲೇ.

"ನಿಮ್ಮಪ್ಪನಾ? ಆ ಸೋಂಬೇರಿ ಹುಣ್ಣಿಮೆಯಿಂದಲೇ ಅಮಾಸೆಗೆ ಕಾಯೋನು. ತೆಗಿಡಾ ಕದಾನ!"

ಒಳಗೆ ಬಂದು ಅಪ್ಪನನ್ನು ನೋಡಿದರು. "ತಗರಕ್ಕೆ ಹೆದರಿ ಗಂಡನ್ನ ಕಳ್ಕೊಳ್ತೀಯಾ?" ಎಂದು ಅಮ್ಮನನ್ನು ಗದರಿದರು. ಅಪ್ಪ ಮಂಚದ ಪಟ್ಟಿ ಹಿಡಿದುಕೊಂಡಿದ್ದ. "ಬಿಡು ಸಾಮಿ. ನಾನೂ ಕೂಡ ಬರ್ತೀನಿ. ನಿನ್ನ ಕೂಟ್ಕೊಂಡೇ ತಿರುಗಿ ಬರೋದು," ಎಂದು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಆಟೋ ತರಿಸಿ, ಉಡುಮಲೈ ಆಸ್ಪತ್ರೆಗೆ ಅಪ್ಪನೊಂದಿಗೆ ಅದರಲ್ಲೇ ಹೋದರು. ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಅದನ್ನು ನಾನು ಕೇಳಿದೆನೋ, ಅತ್ತೆ ಹೇಳಿದ್ದೋ, ಈಗ ತಿಳಿಯದು.

ತಿಳಿಯದ್ದು ಅದೊಂದೇ ಅಲ್ಲ. "ಅವತ್ತು ಅಮಾಸೆನೇ ಅಲ್ಲ. ನಾನೇ ಹಿತ್ಲಿಂದ ಅಕ್ಕನ್ನ ಕೂಗ್ದೆ," ಎನ್ನುತ್ತಾಳೆ ಅಮ್ಮ; ಅತ್ತೆಯನ್ನು ಅವಳು ಅಕ್ಕ ಎನ್ನುತ್ತಿದ್ದಳು. ಅಮಾವಾಸ್ಯೆಯಾಗಿದ್ದರೆ ಅವಳು ನನ್ನನ್ನು ತಡೆಯುತ್ತಿರಲಿಲ್ಲವೇ? ಆದರೆ ಕ್ಯಾಲೆಂಡರಿನ ಹಾಳೆಯನ್ನು ಆಗ ಯಾರೂ ಹರಿಯುತ್ತಿರಲಿಲ್ಲ. "ಆಟೋ ಕರೀರಿ ಅಂದೋನೇ ನಾನು," ಎನ್ನುತ್ತಾನೆ ಅಪ್ಪ. ಆಸ್ಪತ್ರೆಯ ಚೀಟಿಗಳನ್ನು ಅಮ್ಮ ಸುಟ್ಟಿದ್ದಾಳೆ, ಕಾಯಿಲೆ ಮತ್ತೆ ಬಾರದಿರಲೆಂದು. ದಿನವೇ ಗೊತ್ತಿಲ್ಲದ ಮೇಲೆ ಪಂಚಾಂಗದಲ್ಲಿ ಏನು ಹುಡುಕಲಿ? ಎಲ್ಲವನ್ನೂ ಪುರಾವೆ ಕೇಳಿ ನಂಬುವ ನನಗೆ ಇದೊಂದು ಮುಳ್ಳು.

ಅತ್ತೆಯನ್ನೇ ಒಮ್ಮೆ ಕೇಳಿದೆ. ಜಗಲಿಯಲ್ಲಿ ಕೂತು ನೂಲು ಸುತ್ತುತ್ತಿದ್ದರು.

"ನಿಮ್ಮಪ್ಪ ಎದ್ದು ಕೂತಾನಲ್ಲ, ಸಾಲ್ದಾ? ಅಮಾಸೆ ಹಿಡ್ಕೊಂಡು ಏನ್ ಮಾಡ್ತೀಯಾ, ಕಣ್ಣು?" ಎಂದು ಮಗುವನ್ನು ಕರೆದಂತೆ ಕರೆದು ನಕ್ಕರು.

ಕಳೆದ ವರ್ಷ ಅವರು ಹೋದರು. ರೋಗವಲ್ಲ, ವಯಸ್ಸು. ಮೂಲೆಮನೆಗೆ ಬೀಗ ಬಿದ್ದಿದೆ.

ಮೊನ್ನೆ ಅಮಾವಾಸ್ಯೆಗೆ ಊರಿಗೆ ಹೋಗಿದ್ದೆ. ಇಡೀ ಬೀದಿ ಮೌನವಾಗಿತ್ತು. ಏನನ್ನಿಸಿತೋ, ಗುಂಡಿಗಿಳಿದು ಒಂದೇ ಒಂದು ಸಲ ಹಗ್ಗ ಎಳೆದೆ. ಲಾಳಿ ಓಡಿದ ಸದ್ದು ಮೂಲೆಮನೆಯವರೆಗೂ ಕೇಳಿರಬೇಕು. ಕಾದೆ.

"ಯಾವನ್ಡಾ ಅದು, ಅಮಾಸೆ ದಿನ ತರಿ ಓಟೋನು?"

ಹಿತ್ತಿಲಿನಿಂದ ಅಪ್ಪ ಕೂಗಿದ್ದ. ಅದೇ ಮಾತು, ಅದೇ ಏರುದನಿ. ಇದು ಮೊದಲಿನಿಂದಲೂ ಅಪ್ಪನದೇ ಮಾತಾಗಿತ್ತೇ? ಅವನ ಬಾಯಿಂದ ತೆಗೆದು ಅತ್ತೆಯ ಬಾಯಿಗೆ ಇಟ್ಟವನು ನಾನೇನೋ. ಗೊತ್ತಿಲ್ಲ. ಅಪ್ಪ ಇನ್ನೂ ಬೈಯುತ್ತಲೇ ಇದ್ದ, ನಡುವೆ ಎಲ್ಲಿಯೂ ಉಸಿರಿಗಾಗಿ ನಿಲ್ಲದೆ.